ಮೈಯ ದಫ್ತರದ ಷರಾ

ಮುಂಬಯಿ ಆಧಿಪತ್ಯದ ಕಾಲದಲ್ಲಿ ಹಳ್ಳಿಯ ಚಾವಡಿಯೊಳಗೆ ಕುಲಕರ್ಣಿಯ ದಫ್ತರಕ್ಕೆ ವರ್ಷ ವರ್ಷ ತಪ್ಪದೆ ಏರುತ್ತಿದ್ದ ಲೆಕ್ಕವೊಂದಿತ್ತು, ಆಣೆವಾರಿ. ಹದಿನಾರಾಣೆ ಎಂದರೆ ತುಂಬಿದ ಬೆಳೆ. ನಾಲ್ಕಾಣೆಗಿಂತ ಕೆಳಗಿಳಿದರೆ ಆ ವರ್ಷದ ಕಂದಾಯ ವಸೂಲಿಯನ್ನು ಮುಂದಕ್ಕೆ ಹಾಕಬೇಕು. ಬರ ಬಂತೋ ಇಲ್ಲವೋ ಎಂಬುದನ್ನು ಸರಕಾರ ಆಣೆಗಳಲ್ಲಿ ಅಳೆದು ಬರೆದಿಟ್ಟಿತು. ಜೋಳದ ತೆನೆ ಎಷ್ಟು ಆಣೆ ತುಂಬಿತ್ತು ಎಂದು ಆ ಕಾಗದಗಳನ್ನು ತೆರೆದರೆ ಇಂದಿಗೂ ಹೇಳಬಹುದು. ಅದೇ ವರ್ಷ ಅದೇ ಮನೆಯ ಬಸುರಿಯ ಹೊಟ್ಟೆ ಎಷ್ಟು ಆಣೆ ತುಂಬಿತ್ತು, ಎದೆಯ ಮೇಲೆ ಎಷ್ಟು ಭಾರ ಕೂತಿತ್ತು ಎಂಬುದಕ್ಕೆ ಯಾವ ಚಾವಡಿಯಲ್ಲೂ ಲೆಕ್ಕವಿಲ್ಲ. ಆ ಲೆಕ್ಕ ಪೂರ್ತಿ ಕಳೆದುಹೋಗಿಲ್ಲ, ಅದು ಜನರ ಮೈಯಲ್ಲೇ ದಾಖಲಾಗಿದೆ ಎಂದು ಕಳೆದ ಕೆಲವು ದಶಕಗಳ ಜೀವವಿಜ್ಞಾನ ಹೇಳತೊಡಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಇಂದು ಮನೆಮನೆಗೂ ಬಂದು ಕೂತಿರುವ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ಬೇನೆಗಳನ್ನು ಈ ದಾಖಲೆಯ ಜೊತೆಗಿಟ್ಟು ಓದಬೇಕು. ಓದಿದ ಮೇಲೆ ಅವಕ್ಕೆ ಮಾಡುವ ಉಪಚಾರವೂ ಬದಲಾಗಬೇಕು. ನನ್ನ ವಾದ ಇಷ್ಟೇ.

ಮೊದಲು ನೆಲದ ಮಾತು. ನಿಪ್ಪಾಣಿಯ ಕಡೆಯಿಂದ ಅಥಣಿಯ ಕಡೆ ಹೊರಟರೆ ಸಹ್ಯಾದ್ರಿ ಬೆನ್ನ ಹಿಂದೆ ಉಳಿಯುತ್ತದೆ, ಮುಂದೆ ಹೋದಷ್ಟೂ ಮಳೆ ಕಡಿಮೆಯಾಗುತ್ತದೆ. ದೂಧಗಂಗಾ, ವೇದಗಂಗಾ, ಕೃಷ್ಣೆ ಈ ಸೀಮೆಯಲ್ಲಿ ಹರಿದರೂ ಆ ನೀರು ಹೊಲಕ್ಕೆ ಹತ್ತಿದ್ದು ತೀರ ಈಚೆಗೆ. ಅದಕ್ಕೂ ಮುಂಚೆ ಅಥಣಿಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವೇ ಜೀವ. ಸಪ್ಟೆಂಬರಿನ ಮಳೆ ಕೈಕೊಟ್ಟರೆ ಮುಂದಿನ ವರ್ಷದ ರೊಟ್ಟಿಯೂ ಇಲ್ಲ, ದನಕ್ಕೆ ಕಣಿಕೆಯೂ ಇಲ್ಲ. ಆಡಳಿತ ಮಾತ್ರ ಊರೂರಿಗೆ ಬೇರೆಯಾಗಿತ್ತು. ನಿಪ್ಪಾಣಿ ದೇಸಾಯರ ಸಂಸ್ಥಾನ 1839ರಲ್ಲಿ ಕಂಪನಿ ಸರಕಾರಕ್ಕೆ ಸೇರಿತು. ಅಥಣಿ, ಚಿಕ್ಕೋಡಿ ಬ್ರಿಟಿಷ್ ಬೆಳಗಾವಿ ಜಿಲ್ಲೆಯ ತಾಲೂಕುಗಳು. ರಾಯಬಾಗ 1949ರವರೆಗೆ ಕೊಲ್ಲಾಪುರದ ಮಹಾರಾಜರದು. ಈ ಗಡಿಗಳು ಕಂದಾಯಕ್ಕೆ ಅನ್ವಯಿಸುತ್ತಿದ್ದವು, ಮೋಡಕ್ಕೆ ಅನ್ವಯಿಸುತ್ತಿರಲಿಲ್ಲ. ಬರ ಬಂದಾಗ ಎಲ್ಲರೂ ಒಂದೇ ಸಂಸ್ಥಾನದ ಪ್ರಜೆಗಳಾಗುತ್ತಿದ್ದರು.

ಆ ಬರಗಳಲ್ಲಿ ಜನ ಸಂವತ್ಸರದ ಹೆಸರು ಹಿಡಿದು ನೆನೆಯುವುದು ಧಾತು-ಈಶ್ವರ ಬರವನ್ನು, ಅಂದರೆ 1876ರಿಂದ 1878ರವರೆಗಿನ ಕಾಲವನ್ನು. 1876ರಲ್ಲಿ ಮುಂಗಾರು ಸೋತಿತು, ಹಿಂಗಾರಿ ಬಿತ್ತಲಾಗಲಿಲ್ಲ. ಅಥಣಿಯ ಪೂರ್ವಕ್ಕೆ ಅಂಟಿಕೊಂಡಿದ್ದ ಆಗಿನ ಕಲಾದಗಿ ಜಿಲ್ಲೆ 1872 ಮತ್ತು 1881ರ ಎರಡು ಜನಗಣತಿಗಳ ನಡುವೆ ಸುಮಾರು ಐದರಲ್ಲೊಂದು ಭಾಗ ಜನರನ್ನು ಕಳೆದುಕೊಂಡಿತು. ಬೆಳಗಾವಿ ಜಿಲ್ಲೆಯ ಜನಸಂಖ್ಯೆಯೂ ಇಳಿಯಿತು. ಸತ್ತವರನ್ನು ಗಣತಿ ಎಣಿಸಿತು. ಉಳಿದವರು ಹೇಗೆ ಉಳಿದರು ಎಂಬುದನ್ನು ತಿಳಿಯಲು ಇನ್ನೊಂದು ದಾಖಲೆ ನೋಡಬೇಕು. ಬರಗಾಲದ ಕಾಮಗಾರಿಯ ಕೂಲಿಯನ್ನು ಇಳಿಸಲು 1877ರ ಆರಂಭದಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ ಒಬ್ಬ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕ ಹಿಡಿದ. ಅರ್ಧ ಸೇರೂ ಇಲ್ಲದ ಧಾನ್ಯ, ಅದರ ಮೇಲೆ ಚಿಲ್ಲರೆ ಕಾಸು, ಇಡೀ ದಿನ ಕಲ್ಲು-ಮಣ್ಣಿನ ದುಡಿತ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಬರಹದಲ್ಲೇ ಪ್ರತಿಭಟಿಸಿದ. ಮುಂಬಯಿ ಪ್ರಾಂತದಲ್ಲಿ ಕೂಲಿಗಳು ಕಾಮಗಾರಿ ಬಿಟ್ಟು ನಡೆದರು, ಪುಣೆಯ ಸಾರ್ವಜನಿಕ ಸಭೆ ಮನವಿಯ ಮೇಲೆ ಮನವಿ ಕಳಿಸಿತು. ಮನುಷ್ಯನ ಮೈ ಎಷ್ಟು ಕಡಿಮೆಯಲ್ಲಿ ಬದುಕಬಲ್ಲದು ಎಂಬ ಕ್ರೂರ ಪ್ರಯೋಗವೊಂದು ಸರಕಾರದ ಹುಕುಮಿನ ಮೇಲೆ ನಡೆಯಿತು. ಬದುಕಿದವರೇ ಈ ಸೀಮೆಯ ಇಂದಿನವರ ಮುತ್ತಜ್ಜ, ಮುತ್ತಜ್ಜಿಯರು. ಆ ಮೇಲೆ ಬಂದ ಸುಧಾರಣೆಗಳೆಲ್ಲ ಧಾನ್ಯ ಸಾಗಿಸುವ ಸುಧಾರಣೆಗಳು. ಬರ ನಿವಾರಣೆಯ ಹೆಸರಿನಲ್ಲೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಮಿರಜದಿಂದ ಉಗಾರ, ಕುಡಚಿ, ರಾಯಬಾಗ ಹಾಯ್ದು ಹಳಿ ಬಿತ್ತು. ಆದರೂ 1896-97ರಲ್ಲಿ ಬರ ಮರಳಿ ಬಂತು, ಅದರ ಬೆನ್ನಿಗೆ ಪ್ಲೇಗೂ ಬಂತು.

ಈಗ ನಮಗೆ ಹತ್ತಿರದ ಬರಕ್ಕೆ ಬರೋಣ. ಎಪ್ಪತ್ತೆರಡರ ಬರ ಎಂದರೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ವಿವರಣೆ ಬೇಡ. ಆ ವರ್ಷ ಅಥಣಿ ಸೀಮೆಯ ಹಳ್ಳಿಯೊಂದರಲ್ಲಿ ಇಪ್ಪತ್ತು ವರ್ಷದ ಹೆಣ್ಣುಮಗಳು ಬಸುರಿಯಾಗಿದ್ದಳೆಂದು ಇಟ್ಟುಕೊಳ್ಳಿ. 1973ರಲ್ಲಿ ಹುಟ್ಟಿದ ಆ ಕೂಸಿಗೆ ಈಗ ಐವತ್ತು ದಾಟಿದೆ, ಸಕ್ಕರೆ ಕಾಯಿಲೆ, ಬಿಪಿ ಗಟ್ಟಿಯಾಗಿ ತಳವೂರುವ ವಯಸ್ಸು. ಆ ಕೂಸು ಹೆಣ್ಣಾಗಿದ್ದರೆ ಲೆಕ್ಕ ಇನ್ನೂ ಒಂದು ಮೆಟ್ಟಿಲು ಇಳಿಯುತ್ತದೆ. ಹೆಣ್ಣಿನ ಅಂಡಾಣುಗಳು ಆಕೆ ತಾಯಿಯ ಗರ್ಭದಲ್ಲಿರುವಾಗಲೇ ರೂಪುಗೊಳ್ಳುತ್ತವೆ. ಅಂದರೆ ಬರಗಾಲದ ಕಾಮಗಾರಿಯಲ್ಲಿ ಬುಟ್ಟಿ ಹೊತ್ತ ಆ ಬಸುರಿಯ ಒಂದೇ ಮೈಯೊಳಗೆ ಮೂರು ತಲೆಮಾರು ಹಸಿದಿದ್ದವು, ಆಕೆ, ಆಕೆಯ ಮಗಳು, ಇನ್ನೂ ಹೆಸರಿಲ್ಲದ ಮೊಮ್ಮಗು. ಇದು ಶರೀರಶಾಸ್ತ್ರದ ಸಾದಾ ಸತ್ಯ. ಈ ಹಸಿವು ಮೂವರಲ್ಲೂ ಗುರುತು ಬಿಟ್ಟಿತೇ, ಬಿಟ್ಟಿದ್ದರೆ ಎಂಥ ಗುರುತು ಎಂಬುದೇ ಎಪಿಜೆನೆಟಿಕ್ಸ್ ಎಂಬ ಶಾಸ್ತ್ರ ಕೇಳುವ ಪ್ರಶ್ನೆ.

ಆ ಪದವನ್ನು ಇಂಗ್ಲೆಂಡಿನ ವಿಜ್ಞಾನಿ ವಾಡಿಂಗ್ಟನ್ 1942ರಲ್ಲಿ ಬಳಕೆಗೆ ತಂದರು. ಮುಂಬಯಿ ಕರ್ನಾಟಕದ ಕಚೇರಿ ಬಲ್ಲವರಿಗೆ ಅದರ ಅರ್ಥ ಹೇಳುವುದು ಸುಲಭ. ದಫ್ತರದ ಮೂಲ ನೋಂದಣಿಯನ್ನು ಯಾರೂ ತಿದ್ದುವಂತಿಲ್ಲ. ಆದರೆ ಅಂಚಿನಲ್ಲಿ ಅಧಿಕಾರಿ ಒಂದು ಷರಾ ಬರೆಯಬಹುದು, ‘ಇದನ್ನು ತಡೆಹಿಡಿ’, ‘ಇದನ್ನು ಜಾರಿಮಾಡು’ ಎಂದು. ಮೂಲ ಬರಹ ಹಾಗೆಯೇ ಇದ್ದರೂ ಕೆಲಸ ನಡೆಯುವುದು ಷರಾದ ಪ್ರಕಾರ. ನಮ್ಮ ಜೀವಕೋಶದ ಡಿಎನ್‌ಎ ಆ ಮೂಲ ನೋಂದಣಿ. ಅದರ ಮೇಲೆ ಅಲ್ಲಲ್ಲಿ ಅಂಟುವ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಷರಾಗಳು. ಯಾವ ವಂಶವಾಹಿ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ನಿಗದಿಪಡಿಸುವಲ್ಲಿ ಅವುಗಳ ಪಾಲಿದೆ. ಊಟ, ಹೊಗೆ, ಭಯ, ಆಸರೆ, ಇವೆಲ್ಲ ಈ ಷರಾಗಳನ್ನು ಬದಲಿಸಬಲ್ಲವು. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ದಾರಿ ಕಟ್ಟಿದ್ದರಿಂದ ಹಾಲೆಂಡಿನ ಪಶ್ಚಿಮ ಭಾಗ ಹಸಿದುಬಿದ್ದಿತು. ಆಗ ತಾಯಿಯ ಹೊಟ್ಟೆಯಲ್ಲಿದ್ದವರನ್ನು ಮುಂದೆ ಪರೀಕ್ಷಿಸಿದಾಗ ಅವರ ರಕ್ತದ ಸಕ್ಕರೆಯ ಹಿಡಿತ ಸಡಿಲವಾಗಿರುವುದು ಕಂಡುಬಂತು. 2008ರಲ್ಲಿ ಹೈಮನ್ಸ್ ಮತ್ತು ಸಂಗಡಿಗರು ಗರ್ಭದ ಮೊದಲ ತಿಂಗಳುಗಳಲ್ಲಿ ಆ ಹಸಿವನ್ನು ಉಂಡವರನ್ನು ಅವರ ಒಡಹುಟ್ಟಿದವರ ಜೊತೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ವಂಶವಾಹಿಯ ಮೇಲಿನ ಮೀಥೈಲ್ ಗುರುತು ಆರು ದಶಕ ಕಳೆದ ಮೇಲೂ ಕಡಿಮೆಯಾಗಿಯೇ ಇತ್ತು. ಕೆಲವೇ ತಿಂಗಳ ಹಸಿವು ಅರವತ್ತು ವರ್ಷ ಉಳಿಯುವ ಷರಾ ಬರೆದಿತ್ತು.

ಹಾಲೆಂಡಿನ ಮಾತು ನಮಗೇಕೆ ಎನ್ನುವವರಿಗೆ ನಮ್ಮದೇ ನಾಡಿನ ಸಾಕ್ಷಿ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಕೂಸುಗಳನ್ನು ಮಧ್ಯವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಹಗುರವಾಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚೆಂದು 1996ರಲ್ಲಿ ಪ್ರಕಟಿಸಿದರು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರ ತಂಡ 1990ರ ದಶಕದಲ್ಲಿ ಪುಣೆ ಬಳಿಯ ಆರು ಹಳ್ಳಿಗಳಲ್ಲಿ ಬಸುರಿಯರನ್ನು ಹಿಂಬಾಲಿಸಿತು. ಅಲ್ಲಿಯ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸಿನದು 3.5 ಕಿಲೋ. ಅಚ್ಚರಿಯ ಮಾತೆಂದರೆ ನಮ್ಮ ಕೂಸಿನಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಮಾತ್ರ ಅಷ್ಟೇನೂ ಕಡಿಮೆಯಿಲ್ಲ. ತೆಳ್ಳಗೆ ಕಾಣುವ ಮೈಯೊಳಗೆ ಕೊಬ್ಬು ಜತನವಾಗಿ ಕಾದಿಟ್ಟ ಕೂಸು, ನಾಳೆ ಬರ ಬಂದೀತು ಎಂದು ತಿಳಿದೇ ಹುಟ್ಟಿದಂತೆ. ಮುಂದೆ ಅದೇ ತಂಡ ಬಿ12 ಜೀವಸತ್ವದ ಕೊರತೆಯನ್ನು ಎತ್ತಿ ತೋರಿಸಿತು. ಮೀಥೈಲ್ ಗುಂಪುಗಳು ಮೈಯಲ್ಲಿ ತಯಾರಾಗಲು ಬಿ12 ಬೇಕೇ ಬೇಕು. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ. ಲಿಂಗಾಯತರು, ಜೈನರು ದೊಡ್ಡ ಸಂಖ್ಯೆಯಲ್ಲಿರುವ ನಮ್ಮ ಐದು ತಾಲೂಕುಗಳಲ್ಲಿ ಊಟ ಬಹುಪಾಲು ಸಸ್ಯಾಹಾರ. ಹಾಲನ್ನು ಡೇರಿಗೆ ಹಾಕಿ, ಮೊಸರನ್ನು ಗಂಡಸರಿಗೆ ಬಡಿಸಿ, ಸೊಸೆ ಕೊನೆಗೆ ರೊಟ್ಟಿ-ಕಾರ ಉಂಡು ಏಳುವ ಮನೆಗಳು ಇಂದಿಗೂ ಇವೆ. ಷರಾ ಬರೆಯುವ ಶಾಯಿಯೇ ಆ ಸೊಸೆಯ ಮೈಯಲ್ಲಿ ತೆಳುವಾಗಿರುತ್ತದೆ.

ಮೈಸೂರಿನ ಅಧ್ಯಯನದಲ್ಲಿ ನನ್ನ ವಾದಕ್ಕೆ ಅಡ್ಡ ಬರುವ ಫಲಿತಾಂಶವೂ ಇದೆ, ಅದನ್ನು ಮುಚ್ಚಿಡಬಾರದು. ಸಕ್ಕರೆ ಕಾಯಿಲೆಯ ಮಟ್ಟಿಗೆ ಅಲ್ಲಿ ಹೆಚ್ಚು ತೊಂದರೆಗೊಳಗಾದವರು ತೀರ ಸಣಕಲು ಕೂಸುಗಳಲ್ಲ, ಗಿಡ್ಡವಾಗಿ ದುಂಡಗೆ ಹುಟ್ಟಿದವರು, ತೂಕದ ತಾಯಂದಿರ ಮಕ್ಕಳು. ಹಸಿವೊಂದೇ ಕಾರಣ ಎಂಬ ಸರಳ ಕಥೆ ಇಲ್ಲಿ ಮುರಿಯುತ್ತದೆ. ಸಂಶೋಧಕರು ಊಹಿಸಿದ್ದು ಹೀಗೆ: ಬಾಲ್ಯದಲ್ಲಿ ಕೊರತೆ ಉಂಡ ಹೆಣ್ಣು ಮುಂದೆ ನಗರದಲ್ಲಿ ಸ್ವಲ್ಪ ತೂಕ ಕಟ್ಟಿಕೊಂಡರೂ ಆಕೆಯ ಮೈ ಬಸುರಿನಲ್ಲಿ ಸಕ್ಕರೆಯನ್ನು ನಿಭಾಯಿಸಲಾರದು, ಆ ಹೆಚ್ಚಿನ ಸಕ್ಕರೆ ಕೂಸನ್ನು ದುಂಡಗಾಗಿಸುತ್ತದೆ, ಕಾಯಿಲೆಯ ಬೀಜವೂ ಜೊತೆಗೇ ಬೀಳುತ್ತದೆ. ಇದನ್ನು ಪರೀಕ್ಷಿಸಲೆಂದೇ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಎಂಬ ಅಧ್ಯಯನ ಶುರುವಾಯಿತು. ಹಾಗಾದರೆ ಹಸಿವಿನ ಜೊತೆಗೆ ಹಸಿವಿನ ಬೆನ್ನಿಗೆ ತಟ್ಟನೆ ಬಂದ ಸಮೃದ್ಧಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಸೀಮೆಯ ಇತಿಹಾಸ ಅದಕ್ಕೆ ಇನ್ನಷ್ಟು ಚೆನ್ನಾಗಿ ಹೊಂದುತ್ತದೆ.

ಸಕ್ಕರೆ ಕಾಯಿಲೆಗೆ ಕಾರಣ ಸಕ್ಕರೆ ಕಾರಖಾನೆಯ ದುಡ್ಡು, ಬರವನ್ನು ಯಾಕೆ ಎಳೆದು ತರುತ್ತೀರಿ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ಹುರುಳಿದೆ. ಉಗಾರದಲ್ಲಿ ಶಿರಗಾಂವಕರ ಮನೆತನ 1939ರಲ್ಲಿ ಸಕ್ಕರೆ ಕಾರಖಾನೆ ಕಟ್ಟಿತು. ಆಮೇಲೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಸಹಕಾರಿ ಕಾರಖಾನೆಗಳು ಬಂದವು. ಹಿಡಕಲ್ ಜಲಾಶಯದ ಕಾಲುವೆ, ಕೃಷ್ಣೆಯ ಏತ ನೀರಾವರಿ ಬಂದವು. ಎರಡೇ ತಲೆಮಾರಿನಲ್ಲಿ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ನಡೆದು ಹೋಗುತ್ತಿದ್ದವರು ಗಾಡಿ ಹತ್ತಿದರು, ಬಿಳಿಜೋಳದ ರೊಟ್ಟಿಯ ಪಕ್ಕಕ್ಕೆ ಪಾಲಿಶ್ ಮಾಡಿದ ಅಕ್ಕಿ, ಬೇಕರಿಯ ಖಾರಿ, ದಿನಕ್ಕೆ ಐದು ಸಲ ಸಿಹಿ ಚಹಾ ಬಂದು ಕೂತವು. ಇದೆಲ್ಲ ನಿಜ. ಆದರೆ ಇದೇ ಊಟ, ಇದೇ ಕೂರುವ ಕೆಲಸ ಬೇರೆ ಜನಾಂಗಕ್ಕೂ ಬಂದಿದೆ. ಅವರಿಗಿಂತ ಹತ್ತು ವರ್ಷ ಮುಂಚೆ, ಅವರಿಗಿಂತ ತೆಳ್ಳಗಿರುವಾಗಲೇ ಭಾರತೀಯರಿಗೆ ಈ ಕಾಯಿಲೆ ಏಕೆ ಹತ್ತುತ್ತದೆ ಎಂಬ ಪ್ರಶ್ನೆಗೆ ಚಹಾದ ಲೆಕ್ಕದಲ್ಲಿ ಉತ್ತರವಿಲ್ಲ. ಕೊರತೆಗೆ ಸಜ್ಜಾದ ಮೈಗೆ ಸಮೃದ್ಧಿ ಬಿದ್ದಾಗ ಹೊಂದಿಕೆ ತಪ್ಪುತ್ತದೆ ಎಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಹಚ್ಚಿದ ಯೋಚನೆಯ ದಾರಿ ಹೇಳುತ್ತದೆ. ಕಬ್ಬು ಬರಕ್ಕೆ ಬದಲಿ ಕಾರಣವಲ್ಲ, ಬರದ ಷರಾ ಜಾರಿಗೆ ಬಂದದ್ದೇ ಕಬ್ಬಿನ ಕಾಲದಲ್ಲಿ.

ನಿಪ್ಪಾಣಿಯ ಇತಿಹಾಸ ಬೇರೆ ಬಗೆಯ ಷರಾವನ್ನು ತೋರಿಸುತ್ತದೆ, ಅದರ ಸಾಕ್ಷಿ ಬರದ ಸಾಕ್ಷಿಗಿಂತ ಗಟ್ಟಿ. ತಂಬಾಕಿನ ಪೇಟೆಯಾಗಿ ಬೆಳೆದ ಊರು ಅದು. ವಖಾರಿಗಳಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿದು, ಚೀಲ ತುಂಬಿದವರೂ ಮನೆಯಲ್ಲಿ ಕೂತು ಬೀಡಿ ಕಟ್ಟಿದವರೂ ಹೆಂಗಸರು. ತಂಬಾಕಿನ ಘಾಟು ಸೀರೆಗೆ, ಕೂದಲಿಗೆ, ಎದೆಹಾಲಿನ ಕೂಸಿನ ಮೂಗಿಗೆ ಹತ್ತುತ್ತಿತ್ತು. ಸೇದದಿದ್ದರೂ ತಂಬಾಕು ಮುಟ್ಟುವವರ ಮೈಯೊಳಗೆ ನಿಕೋಟಿನ್ ಇಳಿಯುತ್ತದೆ ಎಂದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನಗಳು ಮೂತ್ರಪರೀಕ್ಷೆಯಿಂದ ತೋರಿಸಿವೆ. ಮನುಷ್ಯನ ಡಿಎನ್‌ಎ ಮೇಲೆ ಹೊರಗಿನ ಕಾರಣದಿಂದ ಬೀಳುವ ಗುರುತುಗಳಲ್ಲಿ ಜಗತ್ತಿನಾದ್ಯಂತ ಮತ್ತೆ ಮತ್ತೆ ಸಾಬೀತಾದದ್ದು ತಂಬಾಕಿನ ಹೊಗೆಯ ಗುರುತೇ. ಎಎಚ್‌ಆರ್‌ಆರ್ ಎಂಬ ವಂಶವಾಹಿಯ ಮೇಲೆ ಅದು ಸ್ಪಷ್ಟವಾಗಿ ಕಾಣುತ್ತದೆ, ಸೇದುವ ತಾಯಿಯ ಕೂಸಿನ ರಕ್ತದಲ್ಲೂ ಕಾಣುತ್ತದೆ, ಸೇದುವುದನ್ನು ಬಿಟ್ಟ ಮೇಲೆ ವರ್ಷಗಳ ಅವಧಿಯಲ್ಲಿ ಬಹುಮಟ್ಟಿಗೆ ಮರಳಿ ಸರಿಹೋಗುತ್ತದೆ. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಷರಾವನ್ನು ತಿದ್ದಬಹುದು.

ಅದೇ ನಿಪ್ಪಾಣಿಯಲ್ಲಿ 1980ರ ಸುಮಾರಿಗೆ ತಂಬಾಕಿನ ಹೆಂಗಸರು ಸಂಘ ಕಟ್ಟಿದರು. ದೀಪಾ ಧನರಾಜ್ ಮತ್ತು ಸಂಗಾತಿಗಳ ಯುಗಾಂತರ ತಂಡ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರದಲ್ಲಿ ಸುಮಾರು 4000 ಹೆಂಗಸರ ಆ ಹೋರಾಟವನ್ನು ದಾಖಲಿಸಿತು. 1981ರಲ್ಲಿ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳತ್ವದಲ್ಲಿ ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತದ್ದು, ಏಪ್ರಿಲ್ 6ರಂದು ಗೋಲಿಬಾರಿನಲ್ಲಿ ರೈತರು ಜೀವ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಹೆಂಗಸರ ಸಂಘದ ನೆನಪು ಅಷ್ಟಿಲ್ಲ. ಕೂಲಿ, ಕೆಲಸದ ವೇಳೆ, ಮಾಲಕರ ಬೈಗುಳ, ಇವುಗಳ ಬಗ್ಗೆ ಒಬ್ಬೊಬ್ಬಳೇ ನುಂಗಿಕೊಂಡಿದ್ದ ಮಾತು ಸಭೆಯಲ್ಲಿ ಹೊರಬಿತ್ತು. ಕೂಲಿ ಏರಿಸಿದ್ದಷ್ಟೇ ಆ ಸಂಘದ ಗಳಿಕೆ ಎಂದು ಬರೆದರೆ ಅರ್ಧ ಬರೆದಂತೆ. ತನ್ನ ನೋವಿಗೆ ತನ್ನ ಹಣೆಬರಹ ಕಾರಣವಲ್ಲ, ಇನ್ನೊಬ್ಬಳಿಗೂ ಹೀಗೇ ಆಗುತ್ತಿದೆ ಎಂದು ತಿಳಿಯುವುದು ಮನಸ್ಸಿನ ಚಿಕಿತ್ಸೆಯ ಮೊದಲ ಮೆಟ್ಟಿಲು. ಗುಂಪುಚಿಕಿತ್ಸೆ ಎಂದು ಇಂದಿನ ಆಸ್ಪತ್ರೆಗಳು ಕರೆಯುವುದರ ತಿರುಳು ಆ ವಖಾರಿಯ ಅಂಗಳದಲ್ಲಿತ್ತು ಎಂದೇ ನಾನು ತಿಳಿಯುತ್ತೇನೆ.

ಈ ಸೀಮೆಯ ಜನ ಬೇನೆ ಬಂದಾಗ ಹಿಡಿದ ದಾರಿಗಳ ಕಡೆ ಈಗ ತಿರುಗಬೇಕು. ಮೈಗೆ ಬೇನೆ ಬಂದರೆ ಮಿರಜ. ಅಮೆರಿಕನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ 1894ರಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಕಾಗವಾಡ, ಅಥಣಿ, ರಾಯಬಾಗದ ರೋಗಿಗಳು ಆ ಹಾದಿ ಹಿಡಿದರು, ಇಂದಿಗೂ ‘ಮಿರಜಕ್ಕ ಒಯ್ದಾರ’ ಎಂದರೆ ಕಾಯಿಲೆ ಜೋರಿದೆ ಎಂದೇ ಅರ್ಥ. ಬುದ್ಧಿ ಕೆಟ್ಟರೆ ಧಾರವಾಡ. 1845ರಲ್ಲಿ ಶುರುವಾದ ಅಲ್ಲಿಯ ಹುಚ್ಚಾಸ್ಪತ್ರೆ ಇಂದು ಡಿಮ್ಹಾನ್ಸ್ ಆಗಿದೆ. ಆದರೂ ‘ಧಾರವಾಡಕ್ಕ ಕಳಸಬೇಕು’ ಎಂಬ ಮಾತಿನಲ್ಲಿ ಹಳೆಯ ಅವಮಾನ ಹಾಗೇ ಉಳಿದಿದೆ. ಮಿರಜವೂ ಕೇಳದ, ಧಾರವಾಡಕ್ಕೂ ಹೇಳಲಾಗದ ದುಃಖ, ಅಂಜಿಕೆ, ನಿದ್ದೆಗೇಡು, ಎದೆಭಾರಗಳಿಗೆ ಚಿಂಚಲಿಯ ಮಾಯಕ್ಕ, ಕೊಕಟನೂರಿನ ಯಲ್ಲಮ್ಮ, ಮಂಗಸೂಳಿಯ ಖಂಡೋಬ, ಅಥಣಿಯ ಗಚ್ಚಿನಮಠದ ಶಿವಯೋಗಿಗಳ ಗದ್ದಿಗೆ. ಭಾರತ ಹುಣ್ಣಿಮೆಯ ಮುಂದೆ ಚಕ್ಕಡಿ ಕಟ್ಟಿಕೊಂಡು ಮಾಯಕ್ಕನಿಗೆ ಬರುವ ಜನರಲ್ಲಿ ಹೇಳಿಕೊಳ್ಳಲು ಬರುವವರೆಷ್ಟೋ ಮಂದಿ. ಒಂದೇ ಮನುಷ್ಯನ ಮೈ, ಬುದ್ಧಿ, ದುಃಖ ಮೂರು ದಿಕ್ಕಿಗೆ ಹಂಚಿಹೋದವು. ಮಿರಜದ ವೈದ್ಯನಿಗೆ ದುಃಖ ಕಾಣಲಿಲ್ಲ, ಪೂಜಾರಿಗೆ ರಕ್ತದ ಸಕ್ಕರೆ ಕಾಣಲಿಲ್ಲ. ಈ ಹಂಚಿಕೆಯೇ ನಮ್ಮ ಉಪಚಾರದ ಇತಿಹಾಸದ ದೊಡ್ಡ ದೋಷ.

ಮೂರು ದಾರಿಗಳು ಮೈಯೊಳಗೆ ಕೂಡುತ್ತವೆ ಎಂಬುದಕ್ಕೆ ಸಾಕ್ಷಿ ಏನು? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೀನಿ, ಝಿಫ್ ಮತ್ತು ಸಂಗಡಿಗರು 2004ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಹೀಗೆ: ತಾಯಿ ನೆಕ್ಕಿ ಆರೈಕೆ ಮಾಡಿದ ಮರಿಯಲ್ಲಿ ಒತ್ತಡವನ್ನು ಹಿಡಿತದಲ್ಲಿಡುವ ವಂಶವಾಹಿಯ ಮೇಲಿನ ಮೀಥೈಲ್ ಗುರುತು ಕಡಿಮೆ, ಆರೈಕೆ ಸಿಗದ ಮರಿಯಲ್ಲಿ ಹೆಚ್ಚು, ಮರಿಯನ್ನು ಬೇರೆ ತಾಯಿಯ ಮಡಿಲಿಗೆ ಹಾಕಿದರೆ ಗುರುತೂ ಬದಲಾಗುತ್ತದೆ. ಮನುಷ್ಯರಲ್ಲಿ ರೇಚಲ್ ಯಹೂದಾ ಅವರ ತಂಡ 2013ರಲ್ಲಿ ಯುದ್ಧದ ಆಘಾತ ಉಂಡ ಮಾಜಿ ಸೈನಿಕರಿಗೆ ಮಾತಿನ ಚಿಕಿತ್ಸೆ ಕೊಟ್ಟು ಪರೀಕ್ಷಿಸಿತು. ಗುಣವಾದವರಲ್ಲಿ ಒತ್ತಡದ ಹಾರ್ಮೋನಿಗೆ ಸಂಬಂಧಿಸಿದ ಎಫ್‌ಕೆಬಿಪಿ5 ವಂಶವಾಹಿಯ ಗುರುತು ಬದಲಾಗಿತ್ತು. ಇದು ಕೆಲವೇ ಮಂದಿಯ ಮೇಲಿನ ಅಧ್ಯಯನ, ಇಷ್ಟರ ಮೇಲೆ ಗೋಪುರ ಕಟ್ಟಲಾಗದು. ಷರಾ ಬದಲಾದದ್ದರಿಂದ ಗುಣವಾಯಿತೋ, ಗುಣವಾದದ್ದರಿಂದ ಷರಾ ಬದಲಾಯಿತೋ ಎಂಬುದೂ ತೀರ್ಮಾನವಾಗಿಲ್ಲ. ಆದರೆ ಮನಸ್ಸಿನ ಚಿಕಿತ್ಸೆಯನ್ನು ಮೈಯ ಕಾಯಿಲೆಯ ಜೊತೆ ಹೊಸೆದರೆ ರೋಗಿಗೆ ಒಳ್ಳೆಯದಾಗುತ್ತದೆ ಎಂಬುದಕ್ಕೆ ಡಿಎನ್‌ಎ ಪರೀಕ್ಷೆಯ ಹಂಗಿಲ್ಲದ ಗಟ್ಟಿ ಸಾಕ್ಷಿ ನಮ್ಮ ದೇಶದಲ್ಲೇ ಇದೆ. ಬೆಂಗಳೂರೂ ಸೇರಿದಂತೆ ಭಾರತದ ನಾಲ್ಕು ಚಿಕಿತ್ಸಾಲಯಗಳಲ್ಲಿ ಸಕ್ಕರೆ ಕಾಯಿಲೆಯ ಜೊತೆ ಖಿನ್ನತೆಯೂ ಇದ್ದ 404 ಮಂದಿಯ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಒಂದು ವರ್ಷ ಒಬ್ಬ ಆರೈಕೆ ಸಹಾಯಕರು ಬೆನ್ನುಹತ್ತಿ ವಿಚಾರಿಸಿ ಎರಡೂ ಕಾಯಿಲೆಗಳನ್ನು ಕೂಡಿಯೇ ನೋಡಿದಾಗ ಖಿನ್ನತೆಯ ಜೊತೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದರಲ್ಲಾದರೂ ಸುಧಾರಿಸಿದವರ ಪಾಲು ಎಂದಿನ ಚಿಕಿತ್ಸೆ ಪಡೆದವರಿಗಿಂತ ಸ್ಪಷ್ಟವಾಗಿ ಹೆಚ್ಚಿತ್ತು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು. ಮೊದಲನೆಯದು ವಿಜ್ಞಾನಿಗಳದು. ಹೊಟ್ಟೆಯಲ್ಲಿದ್ದ ಕೂಸಿನ ಮೇಲಾದ ಪರಿಣಾಮ ಬೇರೆ, ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಬೇರೆ. ವೀರ್ಯಾಣು, ಅಂಡಾಣು ಕೂಡಿದ ಮೇಲೆ ಹಳೆಯ ಷರಾಗಳಲ್ಲಿ ಬಹುಪಾಲು ಅಳಿಸಿಹೋಗುತ್ತವೆ. ಧಾತು-ಈಶ್ವರ ಬರದ ಗುರುತು ಇಂದಿನ ಮರಿಮಕ್ಕಳ ಡಿಎನ್‌ಎ ಮೇಲೆ ನೇರವಾಗಿ ಉಳಿದಿದೆ ಎನ್ನಲು ಮನುಷ್ಯರಲ್ಲಿ ಪುರಾವೆ ಇಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. 1877 ನಮ್ಮನ್ನು ಮುಟ್ಟಲು ರಹಸ್ಯ ಮಾರ್ಗವೇನೂ ಬೇಕಾಗಿಲ್ಲ. ಹಸಿದ ತಾಯಿ ಗಿಡ್ಡ ಮಗಳನ್ನು ಹೆತ್ತಳು, ಆ ಮಗಳ ಕಿರಿದಾದ ಗರ್ಭದಲ್ಲಿ ಹಗುರ ಕೂಸು ಬೆಳೆಯಿತು, ಆ ಕೂಸು ಹದಿನಾರಕ್ಕೆ ಮದುವೆಯಾಗಿ ಆಮೇಲಿನ ಬರ ಕಂಡಿತು. ಪ್ರತಿ ತಲೆಮಾರೂ ಷರಾವನ್ನು ಹೊಸದಾಗಿಯೇ ಬರೆಯಿತು, ಬರೆಸಿದ ಪರಿಸ್ಥಿತಿ ಮಾತ್ರ ಬದಲಾಗಲಿಲ್ಲ. ಹಾಗಾಗಿ ಇದು ವಂಶದ ಶಾಪವೆಂದು ಕೈಚೆಲ್ಲುವ ಮಾತೇ ಏಳುವುದಿಲ್ಲ. ಯಾವುದೇ ಜಾತಿಯ, ಊರಿನ ರಕ್ತವೇ ಕೆಟ್ಟದ್ದೆನ್ನಲು ಈ ಶಾಸ್ತ್ರವನ್ನು ಬಳಸಿದರೆ ಅದು ದುರುಪಯೋಗ. ಹದಿಹರೆಯದವರಿಗೆ ಬಿ12 ಕೊಟ್ಟು ಅವರ ಮಕ್ಕಳಲ್ಲಿ ಫಲ ನೋಡುವ ಪ್ರಯೋಗವನ್ನು ಪುಣೆಯ ತಂಡ ಕೈಗೊಂಡದ್ದು ಷರಾ ತಿದ್ದಬಹುದೆಂಬ ನಂಬಿಕೆಯಿಂದಲೇ.

ಎರಡನೆಯದು ವಿಚಾರವಾದಿಗಳದು. ಜಾತ್ರೆ, ಗದ್ದಿಗೆಗಳನ್ನು ಚಿಕಿತ್ಸೆಯ ಸಾಲಿಗೆ ಸೇರಿಸಿದರೆ ಮೂಢನಂಬಿಕೆಗೆ ಬಿಳಿ ಕೋಟು ತೊಡಿಸಿದಂತೆ ಎನ್ನುತ್ತಾರೆ. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ವರದಿ ಇಲ್ಲಿ ನೆನಪಾಗುತ್ತದೆ. ಅಲ್ಲಿ ಯಾವ ವಿಶೇಷ ಪೂಜೆಯೂ ಇರಲಿಲ್ಲ. ಬೈಗುಳವಿಲ್ಲದ, ಆಸರೆಯ ಜಾಗದಲ್ಲಿ ವಾರಗಟ್ಟಲೆ ಇದ್ದದ್ದರಿಂದಲೇ ಅವರ ರೋಗಲಕ್ಷಣಗಳು ಸುಮಾರು ಐದರಲ್ಲೊಂದು ಪಾಲು ಇಳಿದವು. ಗುಣಪಡಿಸಿದ್ದು ಆಸರೆ. ಆದರೆ ವಿಚಾರವಾದಿಗಳ ಎಚ್ಚರಿಕೆ ನಮ್ಮ ಸೀಮೆಗೆ ದುಪ್ಪಟ್ಟು ಸಲ್ಲುತ್ತದೆ. ಹುಡುಗಿಯ ತಲೆಯಲ್ಲಿ ಕೂದಲು ಜಡೆಗಟ್ಟಿದರೆ, ಮನೆಯಲ್ಲಿ ಕಾಯಿಲೆ ಬಿದ್ದರೆ ಯಲ್ಲಮ್ಮ ಕರೆದಳೆಂದು ಮುತ್ತು ಕಟ್ಟಿಸಿ ದೇವದಾಸಿ ಮಾಡಿದ್ದು ಇದೇ ಅಥಣಿ, ರಾಯಬಾಗ, ಚಿಕ್ಕೋಡಿ ಸೀಮೆಯಲ್ಲಿ. ಮುಂಬಯಿ ಸರಕಾರ 1934ರಲ್ಲಿ, ಕರ್ನಾಟಕ 1982ರಲ್ಲಿ ಇದನ್ನು ತಡೆಯಲು ಕಾಯ್ದೆ ಮಾಡಬೇಕಾಯಿತು. ದಲಿತ ಮನೆಯ ಹೆಣ್ಣುಮಕ್ಕಳು ಬೇನೆಯ ಹೆಸರಿನಲ್ಲಿ ಬದುಕನ್ನೇ ತೆತ್ತರು. ಆದ್ದರಿಂದ ಜಾತ್ರೆಯಿಂದ ಕಲಿಯಬೇಕಾದದ್ದು ಹೇಳಿಕೊಳ್ಳಲು ಒಂದು ಜಾಗ, ಕೇಳಲು ಒಂದು ಕಿವಿ. ದೇವಿಯ ಹೆಸರಿನಲ್ಲಿ ಬರುವ ಅಪ್ಪಣೆಯನ್ನು ಅಲ್ಲೇ ಬಿಡಬೇಕು, ಕಿವಿಯನ್ನು ಆಸ್ಪತ್ರೆಗೆ ತರಬೇಕು.

2019 ಈ ಐದು ತಾಲೂಕುಗಳಿಗೆ ಮರೆಯಲಾಗದ ವರ್ಷ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಮಹಾರಾಷ್ಟ್ರದಿಂದ ನೀರು ಬಿಡಿಸಿ ಎಂದು ಜನ ಬೀದಿಗಿಳಿದಿದ್ದರು. ಆಗಸ್ಟಿನಲ್ಲಿ ಅದೇ ಕೃಷ್ಣೆ, ದೂಧಗಂಗಾ, ವೇದಗಂಗಾ ಊರೂರನ್ನು ಮುಳುಗಿಸಿ ಜನರನ್ನು ಗಂಜಿ ಕೇಂದ್ರಗಳಿಗೆ ಅಟ್ಟಿದವು. ಆ ತಿಂಗಳುಗಳಲ್ಲಿ ಬಸುರಿಯರಾಗಿದ್ದವರ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಬಿದ್ದ ಮನೆಗಳ ಪಂಚನಾಮೆ ಆಯಿತು, ಕಬ್ಬಿನ ನಷ್ಟದ ಲೆಕ್ಕ ಆಯಿತು. ಮೈಯ ಆಣೆವಾರಿ ಈ ಸಲವೂ ಆಗಲಿಲ್ಲ. ಮಾಡಲು ಸಾಧನಗಳಿಲ್ಲವೇ ಎಂದರೆ ಇವೆ. ತಾಲೂಕು ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ನೋಡುವ ಎನ್‌ಸಿಡಿ ಕ್ಲಿನಿಕ್‌ಗಳಿವೆ. 2014ರಲ್ಲಿ ಕರ್ನಾಟಕ ಶುರುಮಾಡಿದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರಬೇಕೆಂಬ ಏರ್ಪಾಡಿದೆ. 2022ರಿಂದ 14416ಕ್ಕೆ ಫೋನು ಮಾಡಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಖಿನ್ನತೆಯನ್ನು ಗುರುತಿಸಲು ವೈದ್ಯಕೀಯದಲ್ಲಿ ಬಳಕೆಯಲ್ಲಿರುವ ಎರಡೇ ಪ್ರಶ್ನೆಗಳ ಪಟ್ಟಿಯೂ ಇದೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ, ಮನಸ್ಸು ಕುಗ್ಗಿತ್ತೇ. ಮಿರಜ, ಧಾರವಾಡ, ಚಿಂಚಲಿಯ ಮೂರೂ ದಾರಿಗಳನ್ನು ಒಂದೇ ಕಟ್ಟಡಕ್ಕೆ ತರಲು ಇಷ್ಟು ಸಾಕು.

ಈ ತಾಲೂಕುಗಳ ಆರೋಗ್ಯಾಧಿಕಾರಿಗಳಲ್ಲಿ, ಖಾಸಗಿ ವೈದ್ಯರಲ್ಲಿ ನನ್ನದೊಂದು ವಿನಂತಿ. ಸಕ್ಕರೆ ಕಾಯಿಲೆಯ ಚೀಟಿಯ ಮೇಲೆ ಆ ಎರಡು ಪ್ರಶ್ನೆಗಳನ್ನು ಅಚ್ಚುಹಾಕಿಸಿ. ಬಸುರಿಯ ತಾಯಿ ಕಾರ್ಡಿನ ಮೇಲೂ ಹಾಕಿಸಿ, ಬಿ12ರ ಪರೀಕ್ಷೆ ಬರೆದುಕೊಡಿ. ಕೆಳಗೆ ಒಂದು ಸಾಲಿನ ಜಾಗ ಬಿಡಿ, ಅಲ್ಲಿ ಮೂರನೆಯ ಪ್ರಶ್ನೆಯೊಂದನ್ನು ನಿಮ್ಮ ಕೈಯಾರೆ ಬರೆಯಿರಿ: ನೀವು ಹುಟ್ಟಿದ್ದು ಯಾವ ಬರದಾಗ, ಯಾವ ಮಹಾಪೂರದಾಗ?